ಹೇಂಟೆಯ ಬುಟ್ಟಿ ಕಾದ ಮುಂಗುಸಿ

ಕಾವಿಗೆ ಕೂತ ಹೇಂಟೆ ಕಾಳು ಹೆಕ್ಕಲು ದಿನಕ್ಕೊಮ್ಮೆಯಾದರೂ ಬುಟ್ಟಿಯಿಂದ ಇಳಿಯಲೇಬೇಕು. ಇಳಿದರೆ ಮೊಟ್ಟೆಗಳಿಗೆ ಬಣವೆಯ ಹಾವಿನ ಭಯ. ಆ ಹಾವಿಗೆ ಹೆದರದವನು ಊರಿನಲ್ಲಿ ಒಬ್ಬನೇ, ಪಕ್ಕದ ಕಲ್ಲುಗುಡ್ಡೆಯ ಮುಂಗುಸಿ. ಹೋದ ಸಲ ಹೇಂಟೆ ಅವನನ್ನೇ ನಂಬಿ ಕಾವಲಿಗೆ ಕೂರಿಸಿದ್ದಳು. ಹಾವೇನೋ ಬರಲಿಲ್ಲ, ಮೊಟ್ಟೆ ಮಾತ್ರ ಒಂದೂ ಉಳಿಯಲಿಲ್ಲ.

“ಅಕ್ಕಾ, ಆಗ ನನ್ನ ಬುದ್ಧಿ ಕೆಟ್ಟಿತ್ತು. ಇನ್ನೊಂದು ಅವಕಾಶ ಕೊಡು,” ಎಂದ ಮುಂಗುಸಿ.

“ಕೆಟ್ಟದ್ದು ಬುದ್ಧಿಯಲ್ಲಪ್ಪ, ನಿನ್ನ ಹೊಟ್ಟೆ. ಅದು ಈಗಲೂ ಅಲ್ಲೇ ಇದೆ,” ಎಂದಳು ಹೇಂಟೆ. ಆದರೆ ಹೊಟ್ಟೆ ಅವಳಿಗೂ ಇತ್ತು, ಹಸಿದಿತ್ತು. “ಸರಿ, ಆ ಮೂಲೆಯಲ್ಲಿ ಕೂರು. ಬುಟ್ಟಿಯ ಕಡೆ ಮುಖ ತಿರುಗಿಸಿದರೆ ಜೋಕೆ!”

ಅವಳು ಅರೆಹೊಟ್ಟೆಯಲ್ಲೇ ಓಡಿ ಬಂದಾಗ ಬುಟ್ಟಿಯ ಬಳಿ ಹಾವು ಸತ್ತು ಬಿದ್ದಿತ್ತು. ಮುಂಗುಸಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಮೂಗಿನ ಗಾಯ ನೆಕ್ಕಿಕೊಳ್ಳುತ್ತಿದ್ದ. ಹೇಂಟೆ ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸಿ ನೋಡಿದಳು. ಒಂದರ ಮೇಲೂ ಗೀರಿಲ್ಲ. ಬೈಯಲು ಏನೂ ಸಿಗದೆ ಅವಳ ತಲೆ ಕೆಟ್ಟುಹೋಯಿತು.

“ಎಲ್ಲ ತಣ್ಣಗಾಗಿವೆ!” ಎಂದು ಕೊನೆಗೆ ಕೂಗಿದಳು. “ಇದೂ ಒಂದು ಕಾವಲೇ? ನೀನು ಅಷ್ಟು ದೂರ ಕೂತರೆ ಮರಿಗಳು ಹೇಗೆ ಹೊರಬಂದಾವು? ನಾಳೆ ಬುಟ್ಟಿಯೊಳಗೇ ಕೂರು.”