ಕಳ್ಳಿಬೇಲಿಯ ಕಂಡಿ

ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಕೂಸಿಗೆ ಹಾಲು ಕುಡಿಸುವವಳು ಗೋಡೆಗೆ ಒರಗಿ ಕೂರು ತಾಯಿ. ಕತೆ ಸಣ್ಣದೇ, ಆದರೆ ನಡುವೆ ಎದ್ದು ಹೋಗುವಂಥದ್ದಲ್ಲ.

ಒಬ್ಬ ಶಿಷ್ಯ ತನ್ನ ಗುರುವನ್ನು ಕೇಳಿದ: "ಗುರುಗಳೇ, ಸೋತವನು ತಲೆ ಬಾಗಿಸುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ. ಗೆಲ್ಲುವವನು ಯಾಕೆ ಬಾಗಬೇಕು?"

ಈ ಶಿಷ್ಯನಿಗೂ ಅವನ ಅಣ್ಣನಿಗೂ ಹೊಲದ ಬದುವಿನ ಮೇಲೆ ವ್ಯಾಜ್ಯ ನಡೆದಿತ್ತು. ಅಣ್ಣನೇ ಬದು ಒತ್ತಿದ್ದಾನೆ ಎಂದು ಊರೆಲ್ಲ ಶಿಷ್ಯನ ಕಡೆಗೆ ಮಾತಾಡುತ್ತಿತ್ತು. ಮರುದಿನ ಪಂಚಾಯ್ತಿ. ಗುರುವಿಗೆ ಅದೆಲ್ಲ ಗೊತ್ತಿತ್ತು. ಬದುವಿನ ಮಾತು ಎತ್ತಲಿಲ್ಲ. ಕೂರು ಅಂದ, ಹೇಳತೊಡಗಿದ.

ಒಂದೂರಲ್ಲಿ ಒಬ್ಬ ಹೆಂಗಸು ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಪಾಲಮ್ಮ ಎಂದು ಹೆಸರು. ಅವಳ ನೆರೆಯವನು ಒಬ್ಬ ಕುರಿಗಾರ, ಚಿತ್ತಯ್ಯ. ಅವನ ಹಟ್ಟಿಯಲ್ಲಿ ಕುರಿ, ಕುರಿ ಕಾಯಲು ಮೂರು ನಾಯಿ. ಎರಡು ಮನೆಗೂ ನಡುವೆ ಒಂದು ಕಳ್ಳಿಬೇಲಿ.

ಪಾಲಮ್ಮನ ಮಗಳು ಚೊಚ್ಚಲು ಬಸುರಿ, ಏಳು ತುಂಬಿದ ಮೇಲೆ ತವರಿಗೆ ಬಂದಳು. ತೀರ ಸೊರಗಿದ್ದಳು. ಬಾಣಂತಿ ಎದ್ದು ಕೂರಬೇಕಾದರೆ ನಾಟಿಕೋಳಿಯ ಸಾರು ಬೇಕು, ಮೊಟ್ಟೆ ಬೇಕು. ಇದ್ದ ಹನ್ನೊಂದು ಕೋಳಿಯನ್ನೂ ಪಾಲಮ್ಮ ಅದಕ್ಕೆಂದೇ ಉಳಿಸಿದಳು. ಬೀಗರು ಬಂದರೂ ಕೊಯ್ಯಲಿಲ್ಲ, ನೆಂಟರು ಬಂದರೂ ಕೊಯ್ಯಲಿಲ್ಲ. ಬಂದವರಿಗೆ ಹುರುಳಿಸಾರು ಬಡಿಸಿ, ಏನಾದರೂ ಅಂದುಕೊಳ್ಳಲಿ ಎಂದು ಸುಮ್ಮನಾದಳು.

ಎರಡು ತಿಂಗಳು ಕಳೆಯಿತು. ಒಂದು ದಿನ ಚಿತ್ತಯ್ಯನ ನಾಯಿಗಳು ಹಿತ್ತಲಿಗೆ ನುಗ್ಗಿ ಎರಡು ಕೋಳಿ ಹಿಡಿದವು. ನಾಲ್ಕು ದಿನ ಬಿಟ್ಟು ಮತ್ತೆ ಮೂರು. ಪಾಲಮ್ಮ ಬೇಲಿಯ ಹತ್ತಿರ ನಿಂತು ಕರೆದಳು.

"ಏನಪ್ಪಾ ಚಿತ್ತಯ್ಯ, ನಿನ್ನ ನಾಯಿಗಳಿಗೆ ನನ್ನ ಮಗಳ ಬಾಣಂತನವೇ ಬೇಕಾಗಿತ್ತಾ?"

"ಅಕ್ಕಾ, ಆಗತಾನೇ ಹುಟ್ಟಿದ ಕುರಿಮರಿ ಪಕ್ಕದಲ್ಲೇ ಮಲಗುತ್ತಾವೆ, ಒಂದು ದಿನ ಬಾಯಿ ಹಾಕಿದವಲ್ಲ. ನಿನ್ನ ಕೋಳಿ ಯಾಕೆ ಹಿಡಿಯುತ್ತಾವೋ, ನನಗೂ ತಿಳೀವಲ್ದು."

"ನಿನಗೆ ತಿಳಿಯದಿದ್ದರೆ ಅವನ್ನೇ ಕೇಳು. ನೀನೇ ಸಾಕಿದವು, ನಿನಗಾದರೂ ಹೇಳ್ಯಾವು."

ಚಿತ್ತಯ್ಯ ನಾಯಿಗಳನ್ನು ಕಟ್ಟಿಹಾಕಿದ. ಮೂರನೆಯ ದಿನಕ್ಕೆ ತೋಳ ಬಂದು ಒಂದು ಕುರಿಮರಿ ಹೊತ್ತುಕೊಂಡು ಹೋಯಿತು. ಹಗ್ಗ ಬಿಚ್ಚಿದ. ನಾಯಿಗಳು ನೆಟ್ಟಗೆ ಪಾಲಮ್ಮನ ಹಿತ್ತಲಿಗೆ ಹೋಗಿ ಇನ್ನೊಂದು ಕೋಳಿ ಹಿಡಿದವು. ಹನ್ನೊಂದರಲ್ಲಿ ಉಳಿದದ್ದು ಐದು.

ಊರ ಕಟ್ಟೆಯಲ್ಲಿ ಹಿರಿಯರು ಕೂತರು. ಯಾರಿಗೂ ಅನುಮಾನ ಇರಲಿಲ್ಲ. ಗೌಡ ಹೇಳಿದ: "ರುಚಿ ಹತ್ತಿದ ನಾಯಿ ಬಿಡುವುದಿಲ್ಲ. ಮೂರನ್ನೂ ಹೊಡೆದುಹಾಕಿ. ಬಾಣಂತಿಯ ಬಾಯಿಂದ ಹೋದ ತುತ್ತಿಗೆ ಬದಲಾಗಿ ಚಿತ್ತಯ್ಯ ಎರಡು ಕುರಿ ಕೊಡಲಿ."

ಚಿತ್ತಯ್ಯ ಕೈ ಕಟ್ಟಿ ನಿಂತಿದ್ದ. "ಕುರಿ ಕೊಡ್ತೀನಿ ಗೌಡ್ರೇ. ನಾಯಿ ಹೋದರೆ ಮಾತ್ರ ಹಟ್ಟಿಯನ್ನ ತೋಳಕ್ಕೆ ಬರೆದುಕೊಟ್ಟಂಗೆ."

"ತೋಳನ ಮನೆಯಲ್ಲೂ ಬಾಣಂತಿ ಇರ್ತಾಳೆ ಬಿಡೋ," ಅಂದ ಒಬ್ಬ. ನಾಲ್ಕು ಜನ ನಕ್ಕರು.

ತೀರ್ಪು ಮುಗಿಸುವ ಮುಂಚೆ ಗೌಡ ಪಾಲಮ್ಮನ ಕಡೆ ತಿರುಗಿ ಕೇಳಿದ: "ನಾಯಿಗಳು ಯಾವ ಕಡೆಯಿಂದ ಬರುತ್ತವಮ್ಮ?"

"ಹಿಂದುಗಡೆಯಿಂದ. ಕಳ್ಳಿಬೇಲಿಯಲ್ಲಿ ಒಂದು ಕಂಡಿ ಇದೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಜನ ಕಾದರು. ಅವಳು ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಆಮೇಲೆ ತಲೆ ಎತ್ತಿದಳು.

"ಗೌಡರೇ, ತೀರ್ಪು ತಡೆಯಿರಿ. ಆ ಕಂಡಿಯ ಹತ್ತಿರ ಕೋಳಿಯ ಕರುಳು, ಕಾಲು, ಪುಕ್ಕ ಬಿಸಾಡುತ್ತಿದ್ದವಳು ನಾನು. ಕೋಳಿ ಕೊಯ್ದಾಗಲೆಲ್ಲ ಗುಂಡಿ ತೋಡಲು ಬೇಸರ. ಈ ನಾಯಿಗಳನ್ನು ಬಾ ಬಾ ಎಂದು ಕರೆದು ಹಾಕುತ್ತಿದ್ದೆ. ಮೂರು ವರ್ಷ ಹಾಕಿದ್ದೇನೆ. ಮಗಳು ಬಂದ ಮೇಲೆ ಒಂದು ಕೋಳಿಯನ್ನೂ ಕೊಯ್ಯಲಿಲ್ಲ. ಅವು ಕಂಡಿಯ ಹತ್ತಿರ ಬಂದು ಕಾಯುತ್ತಿದ್ದವು, ನಾನೇ ಕಣ್ಣಾರೆ ನೋಡಿದ್ದೆ. ಕಾದು ಕಾದು ಒಳಗೆ ಬಂದವು. ರುಚಿ ಹತ್ತಿಸಿದ್ದು ನಾನು, ದಾರಿ ತೋರಿಸಿದ್ದು ನಾನು. ಇದು ಈಗ, ಇಲ್ಲಿ ನಿಂತಾಗ ಹೊಳೆಯಿತು."

ಗೌಡ ಮೆಲ್ಲಗೆ ಹೇಳಿದ: "ಬಾಯಿ ಮುಚ್ಚಿಕೊಂಡಿದ್ದರೆ ಎರಡು ಕುರಿ ನಿನ್ನ ಮನೆಗೆ ಬರುತ್ತಿದ್ದವಲ್ಲಮ್ಮ."

"ಬರುತ್ತಿದ್ದವು. ಆ ಸಾರನ್ನು ನನ್ನ ಮಗಳ ಬಾಯಿಗೆ ನಾನೇ ಹಿಡಿಯಬೇಕಲ್ಲ, ಗೌಡರೇ."

ಗೆದ್ದ ನ್ಯಾಯವನ್ನು ತನ್ನ ಕೈಯಾರೆ ಕೆಳಗಿಟ್ಟವಳನ್ನು ಆ ಕಟ್ಟೆ ಅದುವರೆಗೆ ಕಂಡಿರಲಿಲ್ಲ. ಮನೆಗೆ ಹೋದವಳೇ ಸೊಂಟಕ್ಕೆ ಸೆರಗು ಬಿಗಿದು ಕಂಡಿಗೆ ಜಾಲಿಮುಳ್ಳು ತುಂಬಿದಳು. ತಿಪ್ಪೆಯ ಪಕ್ಕ ಮೊಣಕೈ ಆಳದ ಗುಂಡಿ ತೋಡಿದಳು. ಆಚೆ ಕಡೆಯಿಂದ ಚಿತ್ತಯ್ಯ ನಾಯಿಗಳ ಕೊರಳಿಗೆ ಮರದ ತುಂಡು ಕಟ್ಟಿದ. ತೋಳ ಬಂದರೆ ಬೊಗಳಬಹುದು, ಕೋಳಿಯ ಹಿಂದೆ ಓಡಲಾಗದು.

ಇಷ್ಟು ಹೇಳಿ ಗುರು ನಿಲ್ಲಿಸಿದ. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗುರುಗಳೇ, ಅವಳು ದೊಡ್ಡವಳು, ಒಪ್ಪಿದೆ. ಆದರೆ ಅವಳು ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?"

ಗುರು ಅಂದ: "ನಾಯಿಗಳಿಗೆ ಗೊತ್ತಿತ್ತಪ್ಪಾ, ಬದು ಉತ್ತ ನಿನ್ನ ಎತ್ತುಗಳಿಗೆ ಗೊತ್ತಿರುವ ಹಾಗೆ."

ಶಿಷ್ಯ ಎದ್ದು ಗುರುವಿನ ಕಾಲು ಮುಟ್ಟಿ ಹೊರಟ.

ಯಾರ್ಯಾರು ಏನಾದರು ಎಂದು ನೀವು ಕೇಳದೆ ಬಿಡುವವರಲ್ಲ, ಹೇಳಿಬಿಡುತ್ತೇನೆ. ಪಾಲಮ್ಮನ ಮಗಳಿಗೆ ಹೆಣ್ಣು ಹುಟ್ಟಿತು. ಉಳಿದ ಐದು ಕೋಳಿಯಲ್ಲಿ ಎರಡನ್ನು ಕಾವಿಗೆ ಕೂರಿಸಿ, ಮೂರರಲ್ಲೇ ಆ ಮಹಾತಾಯಿ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು. ಚಿತ್ತಯ್ಯನ ಹೆಂಡತಿ ಬಾಣಂತಿಗೆ ಹೊದೆಯಲು ಹೊಸ ಕಂಬಳಿ ತಂದಳು. ಕೂಸು ಅಂಬೆಗಾಲಿಟ್ಟದ್ದು ಅದರ ಮೇಲೇ. ಆರು ತಿಂಗಳಿಗೆ ನಾಯಿಗಳ ಕೊರಳಿನ ಮರದ ತುಂಡು ಬಿಚ್ಚಿದರು. ಹಿರಿಯ ನಾಯಿ ತೋಳದ ಜೊತೆ ಕಾದಾಡಿ ಒಂದು ಕಿವಿ ಕಳೆದುಕೊಂಡಿತು, ಕುರಿಮರಿ ಬಿಡಲಿಲ್ಲ. ಗೌಡನಂತೂ ಯಾವ ವ್ಯಾಜ್ಯ ಬಂದರೂ "ಮೊದಲು ಪಾಲಮ್ಮನನ್ನು ಕರೆಯಿರಿ" ಅನ್ನತೊಡಗಿದ.

ಆ ಶಿಷ್ಯ ಮರುದಿನ ಪಂಚಾಯ್ತಿ ಕೂರುವ ಮೊದಲೇ ಅಣ್ಣನ ಮನೆ ಬಾಗಿಲಿಗೆ ಹೋದ. ಏನು ಮಾತಾಡಿದರೋ ಕೇಳಿದವರಿಲ್ಲ. ಹೊತ್ತು ಏರುವಷ್ಟರಲ್ಲಿ ಇಬ್ಬರೂ ಗುದ್ದಲಿ ಹಿಡಿದು ಹೊಲದಲ್ಲಿದ್ದರು, ಬದುವನ್ನು ಅದರ ಹಳೆಯ ಜಾಗಕ್ಕೆ ಎತ್ತಿ ಹಾಕುತ್ತ.