ಮುಸುಕಿಗೆ ಹಾಕಿದ ಪಿನ್ನು

ಉಪವಾಸದ ದಿನಗಳಾದ ತಪಸ್ಸುಕಾಲದ ಐದನೇ ಭಾನುವಾರ ಇನ್ನಾಸಿ ತನ್ನ ಗುರು ರಾಯಪ್ಪಸ್ವಾಮಿಗಳ ಮುಂದೆ ಬಂದು ಕೂತ. ಪಾಸ್ಕ, ಅಂದರೆ ಈಸ್ಟರ್ ಹಬ್ಬ ಮುಗಿದ ಮೇಲೆ ಊರಿಗೆ ಹೊರಟುಬಿಡುತ್ತೇನೆ ಎಂದ.

ಹೊಳೆ ದಂಡೆಯ ಆ ಆಶ್ರಮಕ್ಕೆ ಅವನು ಬಂದು ನಾಲ್ಕು ವರ್ಷವಾಗಿತ್ತು. ಈ ಹಬ್ಬಕ್ಕೆ ಸನ್ಯಾಸದ ವ್ರತ ತೆಗೆದುಕೊಂಡು ಅಲ್ಲಿಯವನೇ ಆಗಬೇಕಿತ್ತು.

"ಯಾಕೆ?" ಎಂದರು ಗುರುಗಳು.

"ನಾಲ್ಕು ವರ್ಷ ಆ ಶಿಲುಬೆಯ ಮುಂದೆ ಕೂತೆ. ಯೇಸುಸ್ವಾಮಿ ಹತ್ತಿರ ಇದ್ದಾರೆ ಅಂತ ಒಂದು ದಿನವೂ ಅನ್ನಿಸಲಿಲ್ಲ. ಒಬ್ಬನೇ ಕೂತೆ, ಒಬ್ಬನೇ ಎದ್ದು ಬಂದೆ."

ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ. ದೇವರ ಬಗ್ಗೆ ಏನು ಕೇಳಿದರೂ ಉತ್ತರ ಅವನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಉಪವಾಸದಲ್ಲೂ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಆದರೂ ಹಸಿದವನ ಕೈಗೆ ಅಡುಗೆ ಪುಸ್ತಕ ಕೊಟ್ಟಂತಾಗಿತ್ತು ಅವನ ಪಾಡು.

ಗುರುಗಳು ಬುದ್ಧಿವಾದ ಹೇಳಲಿಲ್ಲ, ತಡೆಯಲೂ ಇಲ್ಲ. ಹೋಗುವವರೆಗೆ ಗುಡಿಯ ಕೆಲಸ ನೋಡಿಕೋ, ಇವತ್ತು ಶಿಲುಬೆಗೆ ಮುಸುಕು ಹಾಕುವ ದಿನ ಎಂದು ನೇರಳೆ ಬಟ್ಟೆಯೊಂದನ್ನು ಅವನ ಕೈಗಿಟ್ಟರು.

ಹಬ್ಬಕ್ಕೆ ಎರಡು ವಾರ ಇರುವಾಗ ಶಿಲುಬೆಯನ್ನು ಬಟ್ಟೆಯಿಂದ ಮುಚ್ಚುವುದು ಅಲ್ಲಿಯ ಪದ್ಧತಿ. ಶುಭ ಶುಕ್ರವಾರ ಅದನ್ನು ತೆಗೆಯುವವರೆಗೆ ಯಾರೂ ಅದರ ಮೇಲಿನ ಯೇಸುಸ್ವಾಮಿಯ ಮುಖ ನೋಡುವಂತಿಲ್ಲ. ಇನ್ನಾಸಿ ಸ್ಟೂಲು ಹತ್ತಿ ತಲೆಯಿಂದ ಪಾದದವರೆಗೆ ಬಟ್ಟೆ ಇಳಿಬಿಟ್ಟು ಬಿಗಿಯಾಗಿ ಕಟ್ಟಿದ.

ಮರುದಿನ ಮಧ್ಯಾಹ್ನ ನೋಡಿದರೆ, ಸ್ವಾಮಿಯ ಮುಖ ತೆರೆದಿರುವಂತೆ ಯಾರೋ ಬಟ್ಟೆ ಮಡಿಸಿ ಪಿನ್ನು ಹಾಕಿದ್ದರು. ಹೆಂಗಸರು ಬಳೆಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಪಿನ್ನು. ಅವನು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಬಟ್ಟೆ ಸರಿಮಾಡಿದ.

ಅದರ ಮರುದಿನ ಇನ್ನೊಂದು ಪಿನ್ನು. ಗುರುವಾರದ ಹೊತ್ತಿಗೆ ಜೇಬಿನಲ್ಲಿ ನಾಲ್ಕಾದವು. ಶುಕ್ರವಾರ ಅವನು ಗುಡಿಯ ಬಾಗಿಲ ಹಿಂದೆ ಕಾದು ನಿಂತ.

ಬಂದವಳು ಲೂರ್ದಮ್ಮ, ಆಶ್ರಮದ ಅಡುಗೆಮನೆಗೆ ದಿನಾ ಸೊಪ್ಪು ತಂದುಕೊಡುವ ಮುದುಕಿ. ಬುಟ್ಟಿಯನ್ನು ಹೊಸ್ತಿಲ ಹತ್ತಿರ ಇಟ್ಟಳು. ಸ್ಟೂಲು ಎಳೆದುಕೊಂಡು ಉಸ್ಸಪ್ಪಾ ಎನ್ನುತ್ತಾ ಹತ್ತಿದಳು. ತಡಕಾಡುತ್ತಾ ಬಟ್ಟೆ ಮಡಿಸಿ, ಬಳೆಯಿಂದ ಪಿನ್ನು ಬಿಡಿಸಿ ಚುಚ್ಚಿದಳು.

ಇನ್ನಾಸಿ ಮೊದಲು ಕೈಹಿಡಿದು ಅವಳನ್ನು ಇಳಿಸಿದ, ಆಮೇಲೆ ಬೈದ. ಮುಖ ನೋಡಬಾರದು ಎಂದು ಗುರುಗಳು ಹೇಳಿದ್ದು ಕಿವಿಗೆ ಬೀಳಲಿಲ್ಲವೇ, ಇಷ್ಟು ವಯಸ್ಸಾದರೂ ಹದಿನೈದು ದಿನ ತಡೆದುಕೊಳ್ಳಲು ಆಗದೇ ಎಂದ.

"ನಾನೆಲ್ಲಿ ನೋಡ್ದೆ ಬುದ್ಧಿ?" ಎಂದಳು ಲೂರ್ದಮ್ಮ. "ಕಣ್ ಮುಚ್ಕೊಂಡೇ ಪಿನ್ನು ಹಾಕ್ದೆ. ದಿನಾ ಹಂಗೇ ಹಾಕೋದು."

"ನೋಡೋದು ಬೇಡದಿದ್ದರೆ ಬಟ್ಟೆ ಯಾಕೆ ಸರಿಸಿದೆ?"

"ನಾವು ನೋಡಬಾರ್ದು ಅಂದ್ರು, ಆಯ್ತು. ಅವ್ರು ನಮ್ಮನ್ನ ನೋಡಬಾರ್ದು ಅಂತ ಅನ್ನಲಿಲ್ವಲ್ಲ."

ಅವಳು ಸ್ಟೂಲನ್ನು ಗೋಡೆಗೆ ಸರಿಸಿದಳು.

"ಹೋದ ವರ್ಷ ನನ್ ಕಣ್ಣಿನ ಆಪರೇಷನ್ ಆದಾಗ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ರು. ಮನೆ ತುಂಬ ಜನ. ಮೊಮ್ಮಗು ನನ್ ತೊಡೆ ಮೇಲೇ ಕೂತಿತ್ತು. ಅದಕ್ಕೆ ನಾನು ಕಾಣ್ತಿದ್ದೆ, ನಂಗೆ ಅದು ಕಾಣ್ತಿರ್ಲಿಲ್ಲ. ಆ ಸಂಕಟ ನಂಗೊತ್ತು. ಹದಿನೈದು ದಿನ ನಮ್ಮನ್ನ ಕಾಣ್ದೆ ಅವ್ರು ಹೆಂಗಿದ್ದಾರು ಬುದ್ಧಿ?"

ಅಡುಗೆಮನೆಯವರು ಕಾಯುತ್ತಿರುತ್ತಾರೆ ಎಂದು ಅವಳು ಬುಟ್ಟಿ ಸೊಂಟಕ್ಕೇರಿಸಿಕೊಂಡು ಹೋದಳು.

ಇನ್ನಾಸಿ ಗುರುಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ನಗುತ್ತಾ ಹೇಳಬೇಕೆಂದುಕೊಂಡಿದ್ದ, ಆದರೆ ನಗು ಬರಲಿಲ್ಲ.

"ಬಟ್ಟೆ ಅಡ್ಡ ಬಂದರೆ ದೇವರಿಗೆ ನಾವು ಕಾಣುವುದಿಲ್ಲವೇ? ಅಷ್ಟೂ ತಿಳಿಯದು ಅವಳಿಗೆ" ಎಂದ.

"ಕಾಣುತ್ತೇವೇನು?"

"ಕಾಣದೆ ಏನು? ನಾವು ಎಲ್ಲಿದ್ದರೂ ಅವರಿಗೆ ಕಾಣುತ್ತೇವೆ. ಯಾವ ಮುಸುಕೂ ಅಡ್ಡಿಯಿಲ್ಲ."

"ಇದು ನಿನಗೆ ಮೊದಲಿಂದಲೂ ಗೊತ್ತಿತ್ತೇ?"

"ಗೊತ್ತಿತ್ತು."

"ಮತ್ತೆ ನಾಲ್ಕು ವರ್ಷ ಒಬ್ಬನೇ ಕೂತಿದ್ದೆ ಅಂತ ಯಾಕೆ ಹೇಳಿದೆ?"

ಉತ್ತರ ನಾಲಿಗೆ ತುದಿಯಲ್ಲಿರಲಿಲ್ಲ. ಇನ್ನಾಸಿ ಇವತ್ತಿನ ಪಿನ್ನು ತೆಗೆಯಲೋ ಬೇಡವೋ ಎಂದು ಕೇಳಿದ.

ಮುದುಕಿ ಕಣ್ಣು ಮುಚ್ಚಿದ್ದಳಲ್ಲ, ಪದ್ಧತಿ ಏನೂ ಮುರಿದಿಲ್ಲ, ನೀನೂ ಕಣ್ಣು ಮುಚ್ಚಿಕೊಂಡೇ ಹೋಗಿ ಕೂರು ಎಂದರು ಗುರುಗಳು.

ಅವನು ಹಾಗೇ ಕೂತ. ಆ ವಾರವೆಲ್ಲ ಏನನ್ನೂ ಹುಡುಕದೆ, ಏನನ್ನೂ ಕೇಳದೆ, ತನ್ನನ್ನು ನೋಡುವವರ ಮುಂದೆ ಸುಮ್ಮನೆ ಕೂತ. ಬೆಳಕೇನೂ ಕಾಣಲಿಲ್ಲ, ದನಿಯೇನೂ ಕೇಳಲಿಲ್ಲ. ಆದರೆ ಒಂದು ಮಧ್ಯಾಹ್ನ ಊಟದ ಗಂಟೆ ಹೊಡೆದದ್ದು ಅವನಿಗೆ ಗೊತ್ತಾಗಲಿಲ್ಲ.

ಶುಭ ಶುಕ್ರವಾರ ಮುಸುಕು ತೆಗೆದರು. ಎಲ್ಲರೂ ಸಾಲಾಗಿ ಬಂದು ಸ್ವಾಮಿಯ ಪಾದಕ್ಕೆ ಮುತ್ತಿಟ್ಟರು. ಲೂರ್ದಮ್ಮ ಮುತ್ತಿಟ್ಟು ತಲೆಯೆತ್ತಿ ಆ ಮುಖವನ್ನು ಕಣ್ತುಂಬ ನೋಡಿದಳು.

"ಸೊರಗಿಬಿಟ್ಟಿದ್ದೀಯಲ್ಲಪ್ಪ" ಎಂದಳು.

ಪಕ್ಕದಲ್ಲೇ ನಿಂತಿದ್ದ ಇನ್ನಾಸಿಗೆ ಅಳು ತಡೆಯಲಾಗಲಿಲ್ಲ.

ಗುಡಿ ಖಾಲಿಯಾದ ಮೇಲೆ ಅವನು ಮುಸುಕು ಮಡಿಸಿಟ್ಟು ಗುರುಗಳ ಮುಂದೆ ಬಂದ. ಊರಿಗೆ ಹೋಗುವ ಮಾತನ್ನು ಅವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವನು ಅಂಗೈ ಬಿಚ್ಚಿದ. ಐದು ಪಿನ್ನು ಇದ್ದವು.

"ಲೂರ್ದಮ್ಮನವು. ಅವಳಿಗೆ ವಾಪಸ್ಸು ಕೊಟ್ಟುಬಿಡಲೇ?"

ರಾಯಪ್ಪಸ್ವಾಮಿಗಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಅಂಗೈ ಮುಚ್ಚಿದರು.

"ನಿನ್ನ ಹತ್ತಿರವೇ ಇರಲಿ. ಬರುವ ವರ್ಷ ಅವಳಿಗೆ ಸ್ಟೂಲು ಹತ್ತೋಕೆ ಆಗುತ್ತೋ ಇಲ್ಲವೋ."