ಸಮುದ್ರವಿಲ್ಲದ ನಾಡಿನ ಮೀನುದಿಬ್ಬ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಬಯಲಿನಲ್ಲಿ, ಡನ್‌ರಾಸ್ ಎಂಬ ಸಣ್ಣ ರೈಲು ನಿಲ್ದಾಣದಿಂದ ಪಶ್ಚಿಮಕ್ಕೆ ನಡೆದರೆ ಒಂದು ದಿಬ್ಬ ಸಿಗುತ್ತದೆ. ಬೆಟ್ಟವೆನ್ನುವಷ್ಟು ಎತ್ತರವೇನಲ್ಲ, ಸುತ್ತಲಿನ ನೆಲ ರೊಟ್ಟಿಯಂತೆ ಚಪ್ಪಟೆಯಾಗಿರುವುದರಿಂದ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಊರಿನವರು ಅದನ್ನು ಮೀನುದಿಬ್ಬ ಎನ್ನುತ್ತಾರೆ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಬಹಳ ದೂರ; ಹತ್ತಿರದಲ್ಲಿ ಬಲೆ ಬೀಸುವಂಥ ಹೊಳೆಯೂ ಇಲ್ಲ. ಹಾಗಾಗಿ ಬಂದವರು ಕಲ್ಲುಗಳನ್ನು ಮಗುಚಿ, ಹಳೆಯ ಯುಗದ ಮೀನಿನ ಅಚ್ಚು ಸಿಗುತ್ತದೇನೋ ಎಂದು ಹುಡುಕುವುದುಂಟು. ಈ ದಿಬ್ಬ ಹಿಮನದಿ ಬಿಟ್ಟುಹೋದ ಜಲ್ಲಿ ಮತ್ತು ಜೇಡಿಮಣ್ಣಿನ ರಾಶಿ; ಅದರಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿಗೆ ಮೀನು ಬಂದದ್ದು ರೈಲಿನಲ್ಲಿ.

ಹಿಂದೆ ಒಮ್ಮೆ, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಈ ಬಯಲಿಗೆ ಧೂಳಿನ ವರ್ಷಗಳು ಬಂದವು. ಗೋಧಿಯ ಬೆಲೆ ಕುಸಿಯಿತು, ಮಳೆ ನಿಂತಿತು, ಹೊಲದ ಮೇಲ್ಮಣ್ಣು ಎದ್ದು ಆಕಾಶ ಸೇರಿತು. ನಡುಹಗಲಲ್ಲಿ ದೀಪ ಹಚ್ಚಿ ಉಣ್ಣಬೇಕಾಗುತ್ತಿತ್ತು ಎನ್ನುತ್ತಾರೆ. ಪೆಟ್ರೋಲು ಕೊಳ್ಳಲಾಗದವರು ಕಾರಿನ ಎಂಜಿನ್ ಕಳಚಿ ಕುದುರೆ ಕಟ್ಟಿದರು. ಆ ಗಾಡಿಗೆ ಆಗಿನ ಪ್ರಧಾನಿಯ ಹೆಸರಿಟ್ಟು ನಕ್ಕರು. ಹರೆಯದ ಗಂಡಸರು ಗೂಡ್ಸ್ ರೈಲಿನ ಛಾವಣಿ ಹತ್ತಿ ಕೆಲಸ ಹುಡುಕಿ ಹೊರಟರು. ಸರ್ಕಾರ ಅವರನ್ನು ಕಾಡಿನ ಶಿಬಿರಗಳಲ್ಲಿಟ್ಟು ರಸ್ತೆ ಕಡಿಸಿತು. ಉಕ್ರೇನಿನಿಂದ ಬಂದು ಇಲ್ಲಿ ನೆಲೆಸಿದ್ದ ಒಡಾರ್ಕಾ ಎಂಬ ವಿಧವೆಯ ಒಬ್ಬನೇ ಮಗನೂ ಹಾಗೆಯೇ ಹೋದ. ಮನೆಯಲ್ಲಿ ಉಳಿದದ್ದು ಅವಳು, ಬಸುರಿ ಸೊಸೆ ಮರಿಕಾ, ಒಂದು ಹಸು. ಹೆರಿಗೆ ನಡುಚಳಿಗಾಲಕ್ಕೆ ಬೀಳುತ್ತಿತ್ತು. ಅಲ್ಲಿಯವರೆಗೆ ಸೊಸೆಯ ಹೊಟ್ಟೆಗೆ ಏನು ಹಾಕುವುದು ಎಂಬುದೊಂದೇ ಅವಳ ಚಿಂತೆ.

ಆ ಶರತ್ಕಾಲದಲ್ಲಿ ಪೂರ್ವ ಕರಾವಳಿಯ ಚರ್ಚುಗಳು ಸೇರಿ ಒಂದು ಬೋಗಿ ನೆರವು ಕಳಿಸಿದವು. ಸೇಬು, ಹುರುಳಿಕಾಯಿಯ ಒಣಬೀಜ, ಹಳೆಯ ಕೋಟುಗಳು. ಅವುಗಳ ಅಡಿಯಲ್ಲಿ, ಹಲಗೆಯಂತೆ ಸೆಟೆದ ಬೂದುಬಣ್ಣದ ಏನೋ ಒಂದು, ಕಟ್ಟುಕಟ್ಟಾಗಿ. ತಲೆಯಿಲ್ಲ, ಮೈಮೇಲೆ ಉಪ್ಪಿನ ಹೆಪ್ಪು. ನಮ್ಮ ಮಂಗಳೂರು ಕಡೆಯ ಮೀನುಣ್ಣುವ ಮನೆಯವರು ಅದನ್ನು ಕಂಡ ಕೂಡಲೇ ನೀರಿಗೆ ಹಾಕುತ್ತಿದ್ದರು. ಬಯಲಿನ ಈ ಜನ ಕಂಡದ್ದು ಗೋಧಿ ಮತ್ತು ದನ. ಒಡಾರ್ಕಾ ಒಂದು ಚೂರು ನೆಕ್ಕಿ ಉಗುಳಿದಳು. ದನಗಳಿಗೆ ಉಪ್ಪಿನ ಗಡ್ಡೆಯನ್ನು ಕಂಬಕ್ಕೆ ಕಟ್ಟಿ ನೆಕ್ಕಲು ಬಿಡುವುದು ಈ ಕಡೆಯ ರೂಢಿ. ಕೆಲವು ವರ್ಷಗಳಿಂದ ಅದನ್ನು ಕೊಳ್ಳುವವರಿರಲಿಲ್ಲ, ಹಸುಗಳು ಉಪ್ಪಿಲ್ಲದೆ ಬೇಲಿಯ ಮರ ಕಡಿಯುತ್ತಿದ್ದವು. ಇದು ದನಕ್ಕೆಂದೇ ಕಳಿಸಿದ್ದು ಎಂದು ಅವಳಿಗೆ ಖಾತ್ರಿಯಾಯಿತು. ದಿಬ್ಬದ ಮೇಲಿನ ಬೇಲಿಕಂಬಗಳಿಗೆ ತನ್ನ ಪಾಲಿನದ್ದನ್ನು ಮೊಳೆ ಹೊಡೆದಳು. ಅವಳ ಹಸು ನೆಕ್ಕಿದ್ದನ್ನು ಕಂಡು ಮಿಕ್ಕವರೂ ತಂದು ಹೊಡೆದರು. ದೂರದ ಜನ ದನವನ್ನೂ ನೆನೆದರಲ್ಲ ಎಂದು ಊರೆಲ್ಲ ಅವರನ್ನು ಹರಸಿತಂತೆ.

ಸ್ವಲ್ಪ ದಿನಕ್ಕೆ ನೆರವು ಸಮಿತಿಯ ಸೈಲಸ್ ಕ್ರೌಡಿಸ್ ಎಂಬಾತ ಬಂದ. ಚಳಿಗಾಲದ ಬೋಗಿ ಯಾವ ನಿಲ್ದಾಣದಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವವನು ಅವನು. ಕೊಟ್ಟದ್ದನ್ನು ಹಾಳುಮಾಡಿದ ಊರುಗಳಲ್ಲಿ ಬೋಗಿ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಿಲ್ದಾಣದಲ್ಲಿ ಅವನು ಕೇಳಿದ ಮೊದಲ ಮಾತನ್ನು ಹೊತ್ತು ನೆರೆಯ ಯಾಕೊಬ್ ಓಡಿ ಬಂದ.

“ಒಡಾರ್ಕಾ, ಮೀನು ರುಚಿಯಾಗಿತ್ತಾ ಅಂತ ಕೇಳ್ತಿದಾನೆ!”

“ಯಾವ ಮೀನು?” ಎಂದವಳು ದಿಬ್ಬದ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

“ಒಣಗೋಕೆ ಹಾಕಿದೀವಿ ಅಂದ್ಬಿಡು.”

“ಒಣಗಿರೋದನ್ನ ಯಾರಯ್ಯಾ ಒಣಗಿಸ್ತಾರೆ? ಬಿಸಿಲಿಗೆ ನಿನ್ನ ತಲೆ ಒಣಗಿದೆ.”

ಕಿತ್ತು ಅಡಗಿಸಲು ಹೊತ್ತಿರಲಿಲ್ಲ. ಕುದುರೆ ಕಟ್ಟಿದ ಕಾರು ಆಗಲೇ ದಿಬ್ಬದ ಬುಡಕ್ಕೆ ಬಂದಿತ್ತು. ಕ್ರೌಡಿಸ್ ಮೇಲೆ ಹತ್ತಿ, ಕಂಬಕಂಬಕ್ಕೂ ನಿಂತು ನೆಕ್ಕುತ್ತಿದ್ದ ಹಸುಗಳನ್ನು ನೋಡಿದ. ಬೈಯಲಿಲ್ಲ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇದನ್ನ ಕಳಿಸಿದವರು ನನ್ನ ಊರಿನವರು, ಅಮ್ಮ. ಈಗ ಅವರ ಮೀನನ್ನೂ ಕೊಳ್ಳೋರಿಲ್ಲ. ಚಳಿಗಾಲಕ್ಕೆ ಇಟ್ಟುಕೊಂಡಿದ್ದರಲ್ಲೇ ಅರ್ಧ ಕೊಟ್ಟಿದಾರೆ.”

ಒಡಾರ್ಕಾ ತಲೆ ತಗ್ಗಿಸಿದಳು. ಚಳಿಗಾಲದ ಬೋಗಿ ಕೈತಪ್ಪಿಹೋಯಿತು ಎಂದೇ ಅವಳಿಗೆ ಅನ್ನಿಸಿತು. ಆಮೇಲೆ ಕೇಳಿದಳು: “ನಿಮ್ಮ ತಾಯಿ ಇದನ್ನ ಹೇಗೆ ಬೇಯಿಸ್ತಿದ್ರು?”

“ಉಪ್ಪು ಬಿಡಲಿ ಅಂತ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಹೊಸ ನೀರು. ಅದನ್ನೂ ಚೆಲ್ಲಿ, ಆಮೇಲೆ ಒಲೆಗೆ.”

ಅವಳು ಅವನನ್ನು ತನ್ನ ಬಾವಿಗೆ ಕರೆದೊಯ್ದು ಕೊಡ ಇಳಿಸಿದಳು. ತಳ ಕೆರೆದ ಸದ್ದಾಯಿತು. ಮೇಲೆ ಬಂದದ್ದು ಕೊಡದ ಕಾಲುಭಾಗ, ಕದಡಿದ ನೀರು. “ಇದರಲ್ಲಿ ಯಾವುದನ್ನ ಚೆಲ್ಲಲಿ, ನೀವೇ ಹೇಳಿ” ಎಂದಳು.

ಒಡಾರ್ಕಾ ಸುತ್ತಿಗೆ ತೆಗೆದುಕೊಂಡು ದಿಬ್ಬ ಹತ್ತಿ, ತನ್ನ ಹಸು ನೆಕ್ಕಿ ನೆಕ್ಕಿ ತೆಳುಮಾಡಿದ್ದ ಒಂದು ಮೀನಿನ ಹಲಗೆಯನ್ನು ಕಿತ್ತು ತಂದಳು. ಮೇಲ್ಪದರವನ್ನು ಚಾಕುವಿನಿಂದ ಹೆರೆದು, ಅದೇ ನೀರನ್ನು ತಿಳಿಯಾಗಿಸಿ, ಉಳಿದಿದ್ದ ಆಲೂಗಡ್ಡೆಯೊಡನೆ ಕುದಿಸಿದಳು. ಮೊದಲು ತಾನು ಉಂಡಳು, ಆಮೇಲೆ ಸೊಸೆಗೆ ಬಡಿಸಿದಳು. ಕೊನೆಗೆ ಒಂದು ತಟ್ಟೆಯನ್ನು ಅವನ ಮುಂದೆ ಸರಿಸಿ, “ನೆನೆಹಾಕೋ ಕೆಲಸ ಹಸು ಮಾಡಿದೆ. ಅಸಹ್ಯವಾದರೆ ಬಿಡಿ” ಎಂದಳು. ಯಾಕೊಬ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಕ್ರೌಡಿಸ್ ತಟ್ಟೆ ಬರಿದುಮಾಡಿದ. “ನನ್ನಮ್ಮ ಮಾಡಿದ್ದಕ್ಕಿಂತ ಉಪ್ಪು ಸ್ವಲ್ಪ ಮುಂದು” ಎಂದು ಹೇಳಿ ಎದ್ದ. ಬೋಗಿಯ ಬಗ್ಗೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಹಿಮ ಬಿದ್ದ ಮೇಲೆ ಒಂದು ದಿನ ಬೋಗಿ ಡನ್‌ರಾಸ್‌ನಲ್ಲಿ ನಿಂತಿತು. ಆಲೂಗಡ್ಡೆ ಇತ್ತು, ಬೀಜವಿತ್ತು, ಮೀನೂ ಇತ್ತು. ಮೀನಿನ ಕಟ್ಟುಗಳ ಮೇಲೆ ಕಲ್ಲುಪ್ಪಿನ ಒಂದು ಮೂಟೆ. ಅದರ ಮೇಲೆ ಮಸಿಯಲ್ಲಿ ‘ಹಸುಗಳಿಗೆ’ ಎಂದು ಬರೆದಿತ್ತು. ಮೀನುಗಾರರೇ ಕಳಿಸಿದ್ದೆಂದು ಕೆಲವರೂ, ಕ್ರೌಡಿಸ್ ತಾನೇ ಇಟ್ಟದ್ದೆಂದು ಕೆಲವರೂ ಹೇಳುತ್ತಾರೆ. ಯಾವುದು ನಿಜವೋ ತಿಳಿಯದು. ಈ ಸಲ ನೆನೆಹಾಕಲು ಹಿಮ ಕರಗಿಸಿದರು. ಎಷ್ಟು ಚೆಲ್ಲಿದರೂ ಅದಕ್ಕೆ ಕೊರತೆಯಿರಲಿಲ್ಲ. ಮರಿಕಾ ಹೆಣ್ಣುಮಗುವನ್ನು ಹೆತ್ತಳು.

ಈಗ ದಿಬ್ಬದ ನೆತ್ತಿ ಹತ್ತಿದವರಿಗೆ ಸೀಡರ್ ಮರದ ಕೆಲವು ಕಂಬಗಳು ಕಾಣುತ್ತವೆ. ಹಸುವಿನ ಬಾಯಿ ತಲುಪುವ ಎತ್ತರದಲ್ಲಿ ಒಂದೊಂದೂ ಸವೆದು ಸೊಂಟದಂತೆ ಒಳಗೆ ಬಾಗಿದೆ. ಅಲ್ಲಿ ಕೈಯಾಡಿಸಿದರೆ ಮರ ಬಹಳ ನುಣುಪು.